ಇಪ್ಪತ್ತೊಂದನೇ ಹಲ್ಲು

ಜನವರಿ ೪

ಹಲ್ಲುಚಕ್ರ ಕೊರೆಯುವ ಹಿರಿಯರಿಗೆ,

ನಮಸ್ಕಾರ. ಅಕ್ಷರ ಚೆನ್ನಾಗಿಲ್ಲ, ಕ್ಷಮಿಸಬೇಕು. ಕಾಗುಣಿತವೂ ಅಲ್ಲಲ್ಲಿ ತಪ್ಪಿರಬಹುದು. ಬಲಗೈ ತೋರುಬೆರಳನ್ನು ತಾಮ್ರದ ತಂತಿ ಕೊಯ್ದಿದೆ, ಅದಕ್ಕೇ ಹೀಗೆ. ನಿಮಗೆ ಫೋನಿನಲ್ಲಿ ಕಿವಿ ಕೇಳುವುದಿಲ್ಲ, ಏನಿದ್ದರೂ ಬರೆದೇ ಕಳಿಸಬೇಕು ಎಂದು ನಿಮ್ಮ ವಿಳಾಸ ಕೊಟ್ಟ ಗಡಿಯಾರದ ಅಂಗಡಿಯವರು ಹೇಳಿದರು. ಇಲ್ಲದಿದ್ದರೆ ಬರೆಯುವ ಧೈರ್ಯ ಮಾಡುತ್ತಿರಲಿಲ್ಲ.

ನಾನು ಮಿಕ್ಸಿ, ಫ್ಯಾನು ರಿಪೇರಿ ಮಾಡುವ ಅಂಗಡಿಯಲ್ಲಿ ಮೋಟಾರಿಗೆ ತಂತಿ ಸುತ್ತುತ್ತೇನೆ. ಬಿಡುವಿನಲ್ಲಿ ಒಂದು ಚಿಕ್ಕ ಗಾಡಿ ಮಾಡುತ್ತಿದ್ದೇನೆ. ಕೈಯಲ್ಲಿ ರಿಮೋಟ್ ಹಿಡಿದು ಓಡಿಸುವಂಥದ್ದು, ಆದರೆ ಓಡುವುದಲ್ಲ ಅದರ ಕೆಲಸ. ಬಂಡೆ ಹತ್ತಬೇಕು. ಆಮೆಯಂತೆ ನಿಧಾನ, ಹಲ್ಲಿಯಂತೆ ಹಿಡಿತ. ನಮ್ಮೂರ ಹೊರಗಿನ ಹಳೇ ಕಲ್ಲುಕ್ವಾರಿಯಲ್ಲಿ ರಜೆಯ ಬೆಳಗ್ಗೆ ನಾಲ್ಕೈದು ಜನ ಇಂಥ ಗಾಡಿ ತರುತ್ತಾರೆ. ಎಲ್ಲವೂ ಕೊಂಡು ತಂದವು. ನಾನು ದೂರ ನಿಂತು ನೋಡುತ್ತಿದ್ದೆ. ಒಂದು ದಿನ ಒಂದು ಗಾಡಿ ಗೋಡೆಯಂಥ ಕಲ್ಲಿಗೆ ಮುಂಗಾಲಿಟ್ಟು, ಯೋಚಿಸಿದಂತೆ ಸ್ವಲ್ಪ ನಿಂತು, ಆಮೇಲೆ ಹತ್ತಿತು. ಅದು ಯೋಚಿಸಿದ್ದು ನೋಡಿ ನನಗೂ ಒಂದು ಬೇಕು ಅನ್ನಿಸಿತು.

ಮೈಕಟ್ಟು ಹಳೇ ಫ್ಯಾನಿನ ರೆಕ್ಕೆ ಕತ್ತರಿಸಿ ಮಾಡಿದ್ದು. ಸ್ಪ್ರಿಂಗು ಪೆನ್ನಿನದು. ಟೈರಿನೊಳಗೆ ಪಾತ್ರೆ ತೊಳೆಯುವ ಸ್ಪಂಜು ತುಂಬಿದ್ದೇನೆ. ಹಿಂದಕ್ಕೆ ಮಗುಚದಂತೆ ಮುಂದಿನ ಎರಡು ಗಾಲಿಗೆ ಸೀಸದ ತುಂಡು ಕಟ್ಟಿದ್ದೇನೆ. ಮೋಟಾರು ಬ್ಯಾಟರಿ ಸ್ಕ್ರೂಡ್ರೈವರಿನದು, ತಂತಿ ಬಿಚ್ಚಿ ಸುತ್ತು ಹೆಚ್ಚಿಸಿದ ಮೇಲೆ ನಿಧಾನವಾಗಿ, ಬಲವಾಗಿ ತಿರುಗುತ್ತದೆ. ಆ ಬಲಕ್ಕೇ ಗೇರ್ ಡಬ್ಬಿಯ ನಡುವಿನ ಪ್ಲಾಸ್ಟಿಕ್ ಚಕ್ರ ತಡೆಯುತ್ತಿಲ್ಲ, ಹಲ್ಲು ಮೆತ್ತಗಾಗುತ್ತಿದೆ. ಅದೇ ಅಳತೆಯದು ಹಿತ್ತಾಳೆಯಲ್ಲಿ ಬೇಕು. ಚಿತ್ರ ಬರೆದು ಇಟ್ಟಿದ್ದೇನೆ. ಹಲ್ಲು ಇಪ್ಪತ್ತೊಂದು.

ಇಂತಿ,
ಮೋಟಾರ್ ಸುತ್ತುವ ಹುಡುಗಿ


ಜನವರಿ ೧೫

ಎಂಜಿನಿಯರಮ್ಮನವರಿಗೆ,

ಮುದುಕನ ಆಶೀರ್ವಾದ. ನಿಮ್ಮ ಚಿತ್ರ ನೋಡಿ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದೆ. ಐವತ್ತು ವರ್ಷದಿಂದ ಚಕ್ರ ಕೊರೆಯುತ್ತಿದ್ದೇನೆ. ದೊಡ್ಡ ದೊಡ್ಡ ಕಾರ್ಖಾನೆಯವರು ಕಳಿಸುವ ಚಿತ್ರ ಕೋಳಿ ಕೆದಕಿದ ಹಾಗಿರುತ್ತದೆ. ನಿಮ್ಮದು ಹಾಗಲ್ಲ. ಯಾವ ಕಾಲೇಜಿನಲ್ಲಿ ಕಲಿತದ್ದು? ಸೊಸೆಗೂ ತೋರಿಸಿದೆ. "ಮಾವ, ಇವರು ಪಾಸಾದವರೇ ಇರಬೇಕು, ಗೆರೆ ನೋಡಿ" ಎಂದಳು. ಅಕ್ಷರ ಕೆಟ್ಟದಾಗಿದ್ದರೆ ಏನಾಯಿತು? ಹೆಚ್ಚು ಓದಿದವರ ಅಕ್ಷರ ಯಾವಾಗ ನೆಟ್ಟಗಿತ್ತು? ನಮ್ಮ ಡಾಕ್ಟರ ಚೀಟಿಯನ್ನು ಔಷಧಿ ಅಂಗಡಿಯವನು ಊಹೆಯ ಮೇಲೆ ಓದುತ್ತಾನೆ.

ಒಂದು ಸಣ್ಣ ಮಾತು. ನೀವು ಬರೆದ ಅಗಲ ನೋಡಿದರೆ ನನ್ನ ಲೆಕ್ಕಕ್ಕೆ ಇಪ್ಪತ್ತು ಹಲ್ಲು ಬರುತ್ತದೆ. ಇಪ್ಪತ್ತೊಂದೇ ತಾನೆ? ಓದಿದವರಿಗೆ ಹೇಳುವಷ್ಟು ದೊಡ್ಡವನಲ್ಲ ನಾನು. ಆದರೂ ಹಳೆಯ ಚಕ್ರ ಕೈಯಲ್ಲಿದ್ದರೆ ಒಂದು ಸಲ ಎಣಿಸಿ ಬರೆಯಿರಿ. ಇಪ್ಪತ್ತಕ್ಕೆ ನನ್ನ ಹತ್ತಿರ ತಟ್ಟೆ ಇದೆ. ತಟ್ಟೆ ಎಂದರೆ ನಿಮಗೆ ಗೊತ್ತೇ ಇರುತ್ತದೆ, ಸುತ್ತ ತೂತಿರುವಂಥದ್ದು. ಒಂದೊಂದು ತೂತಿಗೂ ಮೊಳೆ ಸಿಕ್ಕಿಸಿ ಒಂದೊಂದು ಹಲ್ಲು ಕೊರೆಯುವುದು. ಇಪ್ಪತ್ತೊಂದಕ್ಕಾದರೆ ಹೊಸ ತಟ್ಟೆಯನ್ನೇ ಮಾಡಬೇಕು.

ಬೆರಳು ವಾಸಿಯಾಯಿತೇ?

ಚಕ್ರದ ಮುದುಕ


ಜನವರಿ ೨೨

ಹಿರಿಯರಿಗೆ,

ನಮಸ್ಕಾರ. ಇಪ್ಪತ್ತೊಂದೇ. ಸರಿಯಾಗಿ ನೋಡಿಯೇ ಬರೆದಿದ್ದೇನೆ. ಅದರ ಬಗ್ಗೆ ಅನುಮಾನ ಬೇಡ.

ಕಾಲೇಜಿನ ವಿಷಯ ಇನ್ನೊಮ್ಮೆ ಬರೆಯುತ್ತೇನೆ. ಅಂಗಡಿಯಲ್ಲಿ ಕೆಲಸ ಬಹಳ.

ಕ್ವಾರಿಗೆ ಬರುವವರಿಗೆ ನಿಮ್ಮ ವಿಷಯ ಹೇಳಿದೆ. ನಾನಾಗಿ ಮಾತಾಡಿಸಿದ್ದು ಅದೇ ಮೊದಲು. ಕನ್ನಡಕದ ಅಂಗಡಿಯವರು, ಹಲ್ಲಿನ ಡಾಕ್ಟರು, ಬಸ್ ಡ್ರೈವರು ಮೂವರೂ ನಿಮ್ಮ ವಿಳಾಸ ಬರೆದುಕೊಂಡರು.

ಮೋಟಾರ್ ಸುತ್ತುವ ಹುಡುಗಿ


ಫೆಬ್ರವರಿ ೧೨

ಎಂಜಿನಿಯರಮ್ಮನವರಿಗೆ,

ಇದರ ಜೊತೆ ಹತ್ತಿ ಸುತ್ತಿದ ಡಬ್ಬಿಯಲ್ಲಿ ನಿಮ್ಮ ಚಕ್ರವಿದೆ. ಇಪ್ಪತ್ತೊಂದು ಹಲ್ಲು, ಒಂದೂ ಕಡಿಮೆಯಿಲ್ಲ. ಅಷ್ಟು ಹಲ್ಲು ಹಿಡಿಯಲು ನೀವು ಬರೆದ ಅಗಲವನ್ನು ಕೂದಲೆಳೆಯಷ್ಟು ಹೆಚ್ಚಿಸಿದ್ದೇನೆ. ಹೊಸ ತಟ್ಟೆಗೆ ನಾಲ್ಕು ದಿನ ಹಿಡಿಯಿತು. ಇಪ್ಪತ್ತೊಂದು ಭಾಗ ಮಾಡುವುದು ರೊಟ್ಟಿ ಮುರಿದಂತಲ್ಲ. ಮೊದಲನೇ ಚಕ್ರದಲ್ಲಿ ಹದಿನೆಂಟನೇ ಹಲ್ಲಿಗೆ ಕೈ ಜಾರಿತು, ಎಸೆದೆ. ಇದು ಎರಡನೆಯದು.

ನಿಮಗೆ ಹೇಳಿದರೆ ತಪ್ಪಿಲ್ಲ. ಎರಡು ವರ್ಷದಿಂದ ಕೈ ಸ್ವಲ್ಪ ನಡುಗುತ್ತದೆ. ಊಟಕ್ಕೆ ಕೂತರೆ ಚಮಚ ತಟ್ಟೆಗೆ ಬಡಿದು ತಾಳ ಹಾಕುತ್ತದೆ, ಮೊಮ್ಮಗಳು ಕುಣಿಯುತ್ತಾಳೆ. ಆದರೆ ಚಕ್ರ ಕೊರೆಯುವ ಲೇತಿನ ಹಿಡಿ ಹಿಡಿದ ಕೂಡಲೇ ನಿಲ್ಲುತ್ತದೆ. ಇದೇಕೆ ಹೀಗೆ ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಮಗ ಮಾತ್ರ "ಸಾಕು ಬಿಡಪ್ಪ, ಒಂದಿನ ಬೆರಳೇ ಹೋಗುತ್ತೆ" ಎನ್ನುತ್ತಾನೆ. ನಾನು ಅವನಿಗೆ ನಿಮ್ಮ ಪತ್ರ ತೋರಿಸಿದೆ. ಓದಿದವರು ಅಷ್ಟು ದೂರದಿಂದ ಹುಡುಕಿಕೊಂಡು ಬರುತ್ತಾರಲ್ಲೋ, ಸುಮ್ಮನೆ ಬರುತ್ತಾರಾ ಎಂದೆ.

ನಿಮ್ಮೂರಿನ ಮೂವರೂ ಬರೆದಿದ್ದಾರೆ. ಹಿತ್ತಾಳೆ ಕಡ್ಡಿ ತರಿಸಿದ್ದೇನೆ. ಗಾಡಿ ಹತ್ತಿದ ದಿನ ತಪ್ಪದೆ ಬರೆಯಬೇಕು. ಎಷ್ಟು ಎತ್ತರದ ಕಲ್ಲು, ಎಷ್ಟು ಹೊತ್ತು, ಎಲ್ಲ ಬೇಕು.

ಚಕ್ರದ ಮುದುಕ


ಫೆಬ್ರವರಿ ೨೦

ಹಿರಿಯರಿಗೆ,

ನಮಸ್ಕಾರ. ಗಾಡಿ ಹತ್ತಲಿಲ್ಲ.

ಚಕ್ರ ಗೇರ್ ಡಬ್ಬಿಯೊಳಗೆ ಬಹಳ ಬಿಗಿಯಾಗಿ ಕೂತಿತು. ತಿರುಗಿ ತಿರುಗಿ ಸರಿಹೋಗುತ್ತದೆ ಎಂದುಕೊಂಡೆ. ರಜೆಯ ದಿನ ಕ್ವಾರಿಯಲ್ಲಿ ಎಲ್ಲರೂ ಸೇರಿದ್ದರು. ಮನೆಯಲ್ಲೇ ಮಾಡಿದ ಗಾಡಿ ಎಂದು ಸುತ್ತ ನಿಂತರು. ನಾನು ರಿಮೋಟ್ ಒತ್ತಿದೆ. ಒಂದು ಗೇಣು ಹೋಯಿತು, ಗೊರಗೊರ ಎಂದಿತು, ನಿಂತಿತು. ಮೋಟಾರಿನಿಂದ ಹೊಗೆ ಬಂತು. ನಾನು ಸುತ್ತಿದ ತಂತಿ ಎಲ್ಲ ಕಪ್ಪಾಗಿತ್ತು.

ಹಲ್ಲಿನ ಡಾಕ್ಟರು "ಏನಮ್ಮಾ, ಬೀಡಿ ಸೇದ್ತಾ ಇದೆಯಲ್ಲ ನಿನ್ನ ಗಾಡಿ" ಎಂದರು. ಎಲ್ಲರೂ ನಕ್ಕರು. ಅವರು ಕೆಟ್ಟವರಲ್ಲ. ಆದರೆ ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಕನ್ನಡಕದವರು ಡಬ್ಬಿ ಬಿಚ್ಚಿ ನೋಡಿ, ಇಲ್ಲಿ ಹಲ್ಲಿಗೆ ಹಲ್ಲು ಕಚ್ಚಿಕೊಂಡಿದೆ, ಈ ಚಕ್ರ ಯಾರದು ಎಂದು ಕೇಳಿದರು. ನೀವು ಕೊರೆದದ್ದು, ನಿಮಗೆ ಕೈ ನಡುಗುತ್ತದೆ ಎಂದು ಎಲ್ಲರ ಮುಂದೆ ಹೇಳಿದೆ.

ನನ್ನ ಲೆಕ್ಕ ಸರಿಯಾಗಿತ್ತು. ಹಲ್ಲು ಸರಿಯಾಗಿ ಕೊರೆದಿಲ್ಲ ಎಂದು ತೋರುತ್ತದೆ. ಕೈ ನಡುಗುತ್ತದೆ ಎಂದು ನೀವೇ ಬರೆದಿದ್ದಿರಿ.

ಮೋಟಾರ್ ಸುತ್ತುವ ಹುಡುಗಿ


ಮಾರ್ಚ್ ೩

ಮಾನ್ಯರಿಗೆ,

ನಿಮ್ಮ ಪತ್ರ ತಲುಪಿತು. ನಾಲ್ಕು ಜನರ ಮುಂದೆ ನಿಮಗೆ ಅವಮಾನವಾದದ್ದಕ್ಕೆ ಕ್ಷಮೆ ಕೇಳುತ್ತೇನೆ. ಸುಟ್ಟ ಮೋಟಾರು ನನ್ನ ಲೆಕ್ಕಕ್ಕೆ ಹಾಕಿಕೊಳ್ಳಿ.

ನಿಮ್ಮೂರಿನ ಮೂವರೂ ತಮ್ಮ ಕೆಲಸ ಬೇಡವೆಂದು ಬರೆದಿದ್ದಾರೆ. ಸರಿಯಾಗಿಯೇ ಮಾಡಿದ್ದಾರೆ.

ಹಿಡಿ ಹಿಡಿದರೆ ಕೈ ನಿಲ್ಲುತ್ತದೆ ಎಂದುಕೊಂಡಿದ್ದೆ. ನಿಲ್ಲುತ್ತಿರಲಿಲ್ಲ ಎಂದು ಈಗ ತಿಳಿಯಿತು. ಕಾಣಿಸದಷ್ಟು ನಡುಗುತ್ತಿತ್ತು ಅಷ್ಟೇ. ಇದನ್ನು ಯಾರಾದರೂ ಓದಿದವರೇ ಹೇಳಬೇಕಿತ್ತು. ಮನೆಯವರು ಹೇಳಿದ್ದರೆ ನಾನು ನಂಬುತ್ತಿರಲಿಲ್ಲ.

ವಂದನೆಗಳು.


ಏಪ್ರಿಲ್ ೨

ಹಿರಿಯರಿಗೆ,

ನಮಸ್ಕಾರ. ಹೇಗಿದ್ದೀರಿ? ನಾನು ಚೆನ್ನಾಗಿದ್ದೇನೆ. ಇಲ್ಲಿ ಬಿಸಿಲು ಜಾಸ್ತಿ, ಫ್ಯಾನಿನ ಕೆಲಸ ರಾಶಿ ಬಿದ್ದಿದೆ. ಅಕ್ಕನಿಗೆ ಹೊಸ ಹೊಲಿಗೆ ಯಂತ್ರ ಬಂತು. ಮೊಮ್ಮಗಳು ಹೇಗಿದ್ದಾಳೆ?

ಆ ಚಕ್ರದ ವಿಷಯ ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಯೋಚಿಸಿ ನೋಡಿದರೆ ಅದು ಅಷ್ಟೇನೂ ಕೆಟ್ಟದಾಗಿರಲಿಲ್ಲ ಅನ್ನಿಸುತ್ತದೆ. ಡಬ್ಬಿಯದೂ ಸ್ವಲ್ಪ ತಪ್ಪಿರಬಹುದು. ಇಂಥದ್ದೆಲ್ಲ ಆಗುತ್ತಿರುತ್ತದೆ. ನೀವು ಕೆಲಸ ಮಾಡುತ್ತಿರಬೇಕು.

ಮೋಟಾರ್ ಸುತ್ತುವ ಹುಡುಗಿ


ಏಪ್ರಿಲ್ ೧೪

ಮಾನ್ಯರಿಗೆ,

ನಿಮ್ಮ ಸಮಾಧಾನದ ಪತ್ರ ಬಂತು. ಮುದುಕರನ್ನು ಸಮಾಧಾನ ಮಾಡುವುದು ಓದಿದವರಿಗೆ ಚೆನ್ನಾಗಿ ಬರುತ್ತದೆ. ಅಷ್ಟೇನೂ ಕೆಟ್ಟದಲ್ಲ ಎಂದು ಬರೆದಿದ್ದೀರಿ. ತಾಯೀ, ಹಲ್ಲುಚಕ್ರದಲ್ಲಿ ಅಷ್ಟೇನೂ ಕೆಟ್ಟದಲ್ಲ ಎಂಬುದು ಇಲ್ಲ. ಕೂರುತ್ತದೆ, ಇಲ್ಲವೇ ಕೂರುವುದಿಲ್ಲ. ಕರುಣೆಗೆ ಬರೆದದ್ದು ಎಂದು ನನಗೆ ಗೊತ್ತಾಗುತ್ತದೆ.

ಲೇತನ್ನು ಕೆಲಸ ಕಲಿಸುವ ಒಂದು ಶಾಲೆಯವರು ತೆಗೆದುಕೊಂಡು ಹೋಗುತ್ತಾರೆ. ಮುಂದಿನ ತಿಂಗಳ ಮೊದಲ ವಾರ ಬರುತ್ತಾರೆ. ಮಗನೇ ಮಾತಾಡಿದ. ಮೂಲೆಯಲ್ಲಿ ಜಾಗವಾಗುತ್ತದೆ, ಮೊಮ್ಮಗಳಿಗೆ ಓದುವ ಮೇಜು ಹಾಕಬಹುದು ಎನ್ನುತ್ತಾನೆ. ಒಳ್ಳೆಯದೇ. ಬೆಳಗ್ಗೆ ಎದ್ದು ಅಭ್ಯಾಸಬಲದಿಂದ ಆ ಮೂಲೆಗೆ ಹೋಗುತ್ತೇನೆ, ಸ್ವಲ್ಪ ಹೊತ್ತು ನಿಲ್ಲುತ್ತೇನೆ, ಬರುತ್ತೇನೆ.

ಇನ್ನು ಬರೆಯುವ ತೊಂದರೆ ತೆಗೆದುಕೊಳ್ಳಬೇಡಿ.


ಏಪ್ರಿಲ್ ೧೯

ಹಿರಿಯರಿಗೆ,

ಲೇತು ಕೊಡಬೇಡಿ. ದಯವಿಟ್ಟು ಮೊದಲು ಈ ಪತ್ರ ಕೊನೆಯವರೆಗೆ ಓದಿ.

ನಿಮ್ಮ ಚಕ್ರ ಸರಿಯಾಗಿತ್ತು. ಇಪ್ಪತ್ತೊಂದು ಎಂದು ಕೇಳಿದೆ, ಇಪ್ಪತ್ತೊಂದು ಕೊರೆದುಕೊಟ್ಟಿರಿ. ನನ್ನ ಹಳೆಯ ಚಕ್ರಕ್ಕೆ ಹಲ್ಲು ಇಪ್ಪತ್ತೇ ಇತ್ತು. ಬೆರಳಲ್ಲಿ ತಿರುಗಿಸುತ್ತಾ ಎಣಿಸುವಾಗ ಎಲ್ಲಿಂದ ಶುರುಮಾಡಿದೆ ಎಂದು ಗುರುತು ಇಟ್ಟಿರಲಿಲ್ಲ. ಮೊದಲನೇ ಹಲ್ಲನ್ನೇ ಕೊನೆಗೆ ಇನ್ನೊಮ್ಮೆ ಎಣಿಸಿದ್ದೆ. ಒಂದು ಹಲ್ಲು ಹೆಚ್ಚಾದರೆ ಚಕ್ರ ಕೂದಲೆಳೆಯಷ್ಟು ದೊಡ್ಡದಾಗುತ್ತದೆ, ಡಬ್ಬಿಯಲ್ಲಿ ಅಚ್ಚು ಕೂರುವ ತೂತು ಮಾತ್ರ ಇದ್ದಲ್ಲೇ ಇರುತ್ತದೆ. ಕಚ್ಚಿಕೊಳ್ಳದೆ ಇನ್ನೇನು ಮಾಡೀತು?

ಇದು ನನಗೆ ಯಾವಾಗ ಗೊತ್ತಾಯಿತು ಎಂದೂ ಹೇಳಬೇಕು. ಬೈದು ಬರೆದ ಪತ್ರ ಅಂಚೆಗೆ ಹಾಕಿದ ಮಾರನೇ ದಿನವೇ ಗೊತ್ತಾಯಿತು. ಅಕ್ಕನ ಕೆಂಪು ದಾರ ಒಂದು ಹಲ್ಲಿಗೆ ಸಿಕ್ಕಿಕೊಂಡಿತ್ತು, ಸುಮ್ಮನೆ ಎಣಿಸಿದೆ, ಇಪ್ಪತ್ತಕ್ಕೆ ದಾರ ಬಂತು. ಮತ್ತೆ ಎಣಿಸಿದೆ. ಐದು ಸಲ ಎಣಿಸಿದೆ. ಇಪ್ಪತ್ತೊಂದು ಬರಲಿ ದೇವರೇ ಎಂದುಕೊಂಡೇ ಎಣಿಸಿದೆ. ಆಮೇಲೆ ನಿಮ್ಮ ಪತ್ರ ಬಂತು. ಓದಿ ಮೋಟಾರಿನ ಖಾಲಿ ಡಬ್ಬದಲ್ಲಿ ಹಾಕಿ ಮುಚ್ಚಿಟ್ಟೆ. ಎರಡು ತಿಂಗಳು ಸುಮ್ಮನಿದ್ದೆ. ನಡುವೆ ಬಿಸಿಲು, ಹೊಲಿಗೆ ಯಂತ್ರ ಎಂದು ಒಂದು ಪತ್ರ ಬರೆದೆ. ಅದು ಕರುಣೆಯಲ್ಲ, ಹೇಡಿತನ. ನೀವು ಕರುಣೆ ಎಂದುಕೊಂಡಿರಿ ಎಂದು ಓದಿದ ಕೂಡಲೇ ಈ ಪತ್ರ ಬರೆಯಲು ಕೂತೆ.

ನಾನು ಯಾವ ಕಾಲೇಜಿಗೂ ಹೋಗಿಲ್ಲ. ನಾಲ್ಕನೇ ಕ್ಲಾಸಿಗೆ ಬಿಟ್ಟೆ. ಅಮ್ಮ ಮಲಗಿದಲ್ಲೇ ಇದ್ದರು, ಅಕ್ಕ ಹೊಲಿಯಬೇಕು, ಯಾರಾದರೂ ಮನೆಯಲ್ಲಿರಬೇಕಲ್ಲ. ಅಂಗಡಿಗೆ ಸೇರಿದ್ದು ಅಮ್ಮ ಹೋದ ಮೇಲೆ. ಬೆರಳಿಗೆ ತಂತಿ ಕೊಯ್ದಿರಲಿಲ್ಲ. ನನ್ನ ಅಕ್ಷರವೇ ಹೀಗೆ. ಚಿತ್ರ ಚೆನ್ನಾಗಿ ಬರುವುದು ಅಕ್ಕ ಬಟ್ಟೆ ಕತ್ತರಿಸುವ ಕಾಗದಕ್ಕೆ ಗೆರೆ ಎಳೆದುಕೊಟ್ಟು ಅಭ್ಯಾಸ, ಅಷ್ಟೇ. ನೀವು ಎಂಜಿನಿಯರಮ್ಮ ಎಂದು ಬರೆದಿದ್ದಿರಿ. ನನ್ನನ್ನು ಯಾರೂ ಹಾಗೆ ಕರೆದಿರಲಿಲ್ಲ. ಆ ಪತ್ರವನ್ನು ಅಕ್ಕನಿಗೆ ಎರಡು ಸಲ ಓದಿ ಹೇಳಿದೆ. ಅವಳು "ತಿದ್ದಿ ಬರೆದುಬಿಡೇ, ಆಮೇಲೆ ಕಷ್ಟ" ಎಂದಳು. ನಾನು ತಿದ್ದಲಿಲ್ಲ. ನೀವು ಇಪ್ಪತ್ತು ಬರುತ್ತದಲ್ಲ, ಇನ್ನೊಮ್ಮೆ ಎಣಿಸಿ ಎಂದು ಕೇಳಿದಾಗ, ಇವರಿಗೆ ನನ್ನ ಓದು ಗೊತ್ತಾಗಿಹೋಯಿತು, ಪರೀಕ್ಷೆ ಮಾಡುತ್ತಿದ್ದಾರೆ ಎಂದು ಹೆದರಿದೆ. ಚಕ್ರ ಪಕ್ಕದಲ್ಲೇ ಇತ್ತು. ಕೈಗೆ ತೆಗೆದುಕೊಳ್ಳದೆ ಬರೆದೆ.

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಾನು ನಿಮ್ಮ ಕೈಯೇ ಡೊಂಕು ಎಂದೆ. ಅದೂ ನೀವು ನಂಬಿ ಹೇಳಿಕೊಂಡ ಮಾತನ್ನೇ ಹಿಡಿದು.

ನಿಮ್ಮ ಕೈ ನಿಲ್ಲುತ್ತದೆ. ಆ ಚಕ್ರವನ್ನು ಅಂಗಡಿ ಯಜಮಾನರ ಭೂತಗನ್ನಡಿ ಕೆಳಗೆ ಇಟ್ಟು ನೋಡಿದ್ದೇನೆ. ಇಪ್ಪತ್ತೊಂದು ಹಲ್ಲೂ ಒಂದೇ ತಾಯಿಯ ಮಕ್ಕಳ ಹಾಗಿವೆ. ಈ ಮಾತು ಕರುಣೆಗೆ ಬರೆದದ್ದಲ್ಲ. ಆ ಮೂವರಿಗೂ ಒಂದೊಂದು ಕಾಗದ ಬರೆದು ನಿಜ ತಿಳಿಸುತ್ತೇನೆ.

ಕ್ಷಮಿಸಿ ಎಂದು ಕೇಳಲು ಮುಖವಿಲ್ಲ.

ನಾಲ್ಕನೇ ಕ್ಲಾಸಿನವಳು


ಮೇ ೨

ಹುಡುಗೀ,

ನಿನ್ನ ಪತ್ರ ಓದಿ ಎರಡು ದಿನ ಯಾರ ಜೊತೆಗೂ ಮಾತಾಡಲಿಲ್ಲ. ಸೊಸೆ ಹೆದರಿ ಮಗನಿಗೆ ಫೋನ್ ಮಾಡಿದಳು. ಅವನು ಕೆಲಸ ಬಿಟ್ಟು ಬಂದ. ಬಂದವನ ಕೈಗೆ ನಿನ್ನ ಪತ್ರ ಕೊಟ್ಟೆ.

ನನಗೆ ಸಿಟ್ಟಿದೆ. ಎಣಿಕೆ ತಪ್ಪಿದ್ದಕ್ಕಲ್ಲ. ನಾನೇ ಚಿಕ್ಕವನಿದ್ದಾಗ ಹೀಗೆ ಮೊದಲ ಹಲ್ಲನ್ನು ಎರಡು ಸಲ ಎಣಿಸಿ ಒಂದು ಗೋಡೆ ಗಡಿಯಾರ ಕೆಡಿಸಿ, ಅಪ್ಪನ ಕೈಯಲ್ಲಿ ಏಟು ತಿಂದಿದ್ದೇನೆ. ಓದಿಲ್ಲ ಎಂಬುದಕ್ಕೂ ಅಲ್ಲ. ನಾನು ಓದಿದ್ದು ನಿನಗಿಂತ ಒಂದು ಕ್ಲಾಸು ಕಡಿಮೆ. ಅದಕ್ಕೇ ತಾನೆ ಲೆಕ್ಕಕ್ಕೆ ತಾಳೆಯಾಗದಿದ್ದರೂ ಕಾಲೇಜಿನವರು ಹೇಳಿದ್ದಾರೆಂದು ತಲೆಯಾಡಿಸಿದ್ದು? ಎತ್ತು ಈದಿದೆ ಎಂದರೆ ಕೊಟ್ಟಿಗೆಯಲ್ಲಿ ಕರು ಕಟ್ಟು ಎಂದ ಹಾಗೆ ಹೊಸ ತಟ್ಟೆ ಮಾಡಿ ಕೂತೆ.

ಸಿಟ್ಟು ಆ ಎರಡು ತಿಂಗಳಿಗೆ. ಅಷ್ಟು ದಿನ ನಾನು ನನ್ನ ಕೈಯನ್ನು ಕಳ್ಳನನ್ನು ನೋಡಿದ ಹಾಗೆ ನೋಡಿದ್ದೇನೆ. ನೀರು ಕುಡಿಯುವಾಗ ಕೂಡ. ಎಪ್ಪತ್ತೊಂದರ ವಯಸ್ಸಿನಲ್ಲಿ ಎರಡು ತಿಂಗಳು ಎಂದರೆ ಎಷ್ಟು ಎಂದು ನಿನಗೆ ಹೇಳಿದರೆ ಅರ್ಥವಾಗುವುದಿಲ್ಲ.

ಶಾಲೆಯವರು ನಿನ್ನೆ ವ್ಯಾನು ತಂದಿದ್ದರು. ಕಾಫಿ ಕೊಟ್ಟು ಕಳಿಸಿದೆ. ಮಗ ಮೊಮ್ಮಗಳ ಮೇಜನ್ನು ಬೇರೆ ಗೋಡೆಗೆ ಹಾಕಿದ. ಆದರೆ ನಾನು ಇನ್ನೂ ಲೇತು ಮುಟ್ಟಿಲ್ಲ. ಯಾರ ಕೆಲಸವೂ ಇಲ್ಲ, ಸುಮ್ಮನೆ ತಿರುಗಿಸಿ ಏನು ಮಾಡಲಿ?

ಆ ಮೂವರಿಗೆ ಕಾಗದ ಬರೆಯುತ್ತೇನೆ ಎಂದಿದ್ದೀಯ. ಬೇಡ. ನನ್ನ ಕೈ ಕೆಟ್ಟಿದೆ ಎಂದು ನೀನು ಹೇಳಿದ್ದು ಬಾಯಲ್ಲಿ, ನಾಲ್ಕು ಜನರ ಮುಂದೆ. ಇದನ್ನೂ ಹಾಗೇ ಹೇಳಬೇಕು. ಹೇಳಿ ಆದಮೇಲೆ ಬರೆ. ಹೇಳದಿದ್ದರೆ ಬರೆಯಬೇಡ.

ಚಕ್ರದ ಮುದುಕ


ಮೇ ೧೬

ಅಜ್ಜನವರಿಗೆ,

ನಮಸ್ಕಾರ. ಹೇಳಿದೆ.

ಕಳೆದ ವಾರವೇ ಹೋಗಿದ್ದೆ. ಕ್ವಾರಿಯ ಬಾಯಿಯವರೆಗೆ ಹೋಗಿ, ಚಪ್ಪಲಿ ಕಿತ್ತಿದೆ ಎಂದು ನನಗೆ ನಾನೇ ಹೇಳಿಕೊಂಡು ಮನೆಗೆ ಬಂದೆ. ಚಪ್ಪಲಿ ಕಿತ್ತಿರಲಿಲ್ಲ. ಅಕ್ಕ ಬಾಗಿಲಲ್ಲಿ ನನ್ನ ಮುಖ ನೋಡಿದಳು. ಈ ಸಲ ಅವಳೇ ಜೊತೆಗೆ ಬರುತ್ತೇನೆಂದಳು. ಬೇಡ ಎಂದೆ.

ಇವತ್ತು ಬೆಳಗ್ಗೆ ಮೂವರೂ ಇದ್ದರು. ಅವರ ಗಾಡಿಗಳು ಕಲ್ಲಿನ ಮೇಲೆ ಅರ್ಧ ಹತ್ತಿದ್ದವು. ಒಂದು ನಿಮಿಷ ನಿಲ್ಲಿಸಿ ಎಂದು ಕೇಳಿದೆ. ಅವರು ರಿಮೋಟ್ ಕೆಳಗಿಟ್ಟು ನನ್ನ ಕಡೆ ತಿರುಗಿದರು. ಆ ಚಕ್ರ ಸರಿಯಾಗಿತ್ತು, ಹಲ್ಲು ಎಣಿಸಿದವಳು ನಾನು, ತಪ್ಪಾಗಿ ಎಣಿಸಿದೆ, ನಾನು ನಾಲ್ಕನೇ ಕ್ಲಾಸು, ಗೊತ್ತಾದ ಮೇಲೂ ಮುಚ್ಚಿಟ್ಟೆ ಎಂದು ಹೇಳಿದೆ. ಸ್ವರ ಎಷ್ಟು ಸಣ್ಣಗೆ ಬಂತೆಂದರೆ ಡ್ರೈವರು "ಏನು? ಸ್ವಲ್ಪ ಜೋರಾಗಿ ಹೇಳಮ್ಮ" ಎಂದರು. ಎಲ್ಲವನ್ನೂ ಮೊದಲಿನಿಂದ ಹೇಳಬೇಕಾಯಿತು. ಎರಡನೇ ಸಲ ಹೇಳುವುದು ಮೊದಲನೇ ಸಲಕ್ಕಿಂತ ಕಷ್ಟ.

ಹಲ್ಲಿನ ಡಾಕ್ಟರು ಈ ಸಲ ತಮಾಷೆ ಮಾಡಲಿಲ್ಲ. "ಒಬ್ಬರ ಕೈ ಕೆಲಸ ನಿಂತುಹೋಯ್ತಲ್ಲಮ್ಮ. ನಾವೂ ಹಿಂದೆಮುಂದೆ ನೋಡದೆ ಬರೆದುಬಿಟ್ವಿ" ಎಂದರು. ಅವರ ಕೆಲಸ ಈಗಾಗಲೇ ಬೇರೆ ಕಡೆ ಮಾಡಿಸಿದ್ದಾರಂತೆ. ನಿಮಗೆ ಹೇಗೆ ಮುಖ ತೋರಿಸುವುದು ಎಂದು ಅವರೂ ನೆಲ ನೋಡಿದರು. ಡ್ರೈವರು ತಮ್ಮ ಗಾಡಿ ಎತ್ತಿಕೊಂಡು ಆಚೆ ಕಲ್ಲಿಗೆ ಹೋದರು. ಅವರು ನನ್ನ ಮುಖ ನೋಡುವುದಿಲ್ಲ ಎಂದುಕೊಳ್ಳುತ್ತೇನೆ. ಅವರ ಮೇಲೆ ನನಗೆ ಬೇಸರವಿಲ್ಲ.

ಕನ್ನಡಕದವರು ತಮ್ಮ ಚೀಲದಿಂದ ಒಂದು ಸವೆದ ಚಕ್ರ ತೆಗೆದು ನನ್ನ ಮುಂದೆ ಹಿಡಿದರು. "ಎಣಿಸು" ಎಂದರು. ಹಂಗಿಸಲು ಹೇಳಿದರೋ, ಏನೋ, ನನಗೆ ತಿಳಿಯಲಿಲ್ಲ. ಅವರ ಮುಖದಲ್ಲಿ ನಗು ಇರಲಿಲ್ಲ.

ನಾನು ಕಲ್ಲಿನ ಮೇಲೆ ಕೂತೆ. ಒಂದು ಹಲ್ಲಿಗೆ ಪೆನ್ನಿನಿಂದ ಗುರುತು ಹಾಕಿದೆ. ಅವರಿಗೆ ಕೇಳಿಸುವಂತೆ ಜೋರಾಗಿ ಎಣಿಸಿದೆ. ಹದಿನಾರು ಬಂತು. ಅವರ ಕೈಗೆ ಕೊಡದೆ ಇನ್ನೊಂದು ಸಲ ಎಣಿಸಿದೆ. ಹದಿನಾರೇ. ಅಡ್ಡಗಲ ಅಳೆದೆ. ಚೀಟಿಯಲ್ಲಿ ಎರಡನ್ನೂ ಬರೆದೆ. ಅದೇ ಅಳತೆಗೆ ಹೊಸದು ಕೊರೆಯಲು ಅದನ್ನು ನಿಮಗೆ ಕಳಿಸು ಎಂದು ಅವರೇ ಹೇಳಿದರು. ಚೀಟಿಯ ಕೆಳಗೆ, ಎಣಿಸಿದವರು ಎಂದು ಬರೆದು ನನ್ನ ಸಹಿ ಹಾಕಿದೆ.